ಕರಗಿದ್ದು

ಅಪ್ಪನ ಲೆಡ್ಜರಿನಲ್ಲಿ ನಾಲ್ಕು ಕಾಲಮ್ಮು:
ಎರೆದದ್ದು, ಮಾರಿದ್ದು, ಉಳಿದದ್ದು,
ಕೊನೆಗೆ ಕೆಂಪು ಶಾಯಿಯಲ್ಲಿ, ಕರಗಿದ್ದು.
ಕೌಲ್ ಬಜಾರಿನ ಹಿಮಾಲಯ ಐಸ್ ಫ್ಯಾಕ್ಟರಿಯ ಗುಮಾಸ್ತನಿಗೆ
ಇನ್ನೊಂದು ಪುಸ್ತಕ ಕೊಡಿಸಲಿಲ್ಲ ಶೆಟ್ಟರು.
ಹಾಗಾಗಿ ಹಾಕಿ ಟೀಮಿನ ಚರಿತ್ರೆಯೂ
ಇದರ ಅಂಚಿನಲ್ಲೇ ಇದೆ, ಪೆನ್ಸಿಲಿನಲ್ಲಿ.

‘ಬಳ್ಳಾರಿಯಾಗ ಐಸ್ ಹಾಕಿ!’
ನಕ್ಕಿತಂತೆ ಲೀಗ್ ಕಮಿಟಿ, ಅರವತ್ತೊಂಬತ್ತರಲ್ಲಿ,
ಬಿ ಡಿವಿಜನ್ನಿನ ರಸೀದಿ ಹರಿಯುತ್ತ.
ನಕ್ಕವರಿಗೆ ಗೊತ್ತಿರಲಿಲ್ಲ
ರಾತ್ರಿ ಪಾಳಿಯ ಸಂಗತಿ.

ಡಬ್ಬಿಗಳು ಉಪ್ಪುನೀರಲ್ಲಿ ಕುತ್ತಿಗೆಮಟ ಕೂತು
ನೀರು ಗಟ್ಟಿಯಾಗುವ ತನಕ ಯಾರಿಗೂ ಕೆಲಸವಿಲ್ಲ.
ಒದ್ದೆ ನೆಲ, ಒಂದೇ ಬಲ್ಬು, ಮೂಗು ಸುಡುವ ಅಮೋನಿಯ.
ಗಾದಿಲಿಂಗ ಒಂದು ಗಡ್ಡೆಯ ಮೂಲೆ ಒಡೆದು
ಮುಷ್ಟಿಯಷ್ಟನ್ನು ನೆಲಕ್ಕೆ ಜಾರಿಸುತ್ತಿದ್ದ.
ಗಡ್ಡೆ ಎಳೆಯುವ ಕೊಕ್ಕೆಗಳೇ ಸ್ಟಿಕ್ಕು,
ಹೊಟ್ಟು ತುಂಬಿದ ಗೋಣಿಚೀಲಗಳೇ ಗೋಲುಕಂಬ.
ಆಟ ಮುಗಿಯುತ್ತಿದ್ದದ್ದು ಸೀಟಿಗಲ್ಲ.
ಚೆಂಡು ನಿಂಬೆಕಾಯಾಗಿ, ಹುಣಸೆಬೀಜವಾಗಿ
ಯಾರದೋ ಹಿಮ್ಮಡಿಯಡಿ ಬರೀ ನೀರಾದಾಗ.
ಗೆದ್ದವರು ಯಾರೆಂದು ಜಗಳ ಬಿದ್ದರೆ
ಸಾಕ್ಷಿಗೆ ಚೆಂಡೇ ಇರುತ್ತಿರಲಿಲ್ಲ.

ಮೈದಾನದಲ್ಲಿ ಬೇರೆ.
ಕರಗದ ಚೆಂಡು ಅವರಿಗೆ ಅಭ್ಯಾಸವಿಲ್ಲ.
ಕಾಲು ಗಂಟೆ ಕಳೆಯಿತೆಂದರೆ ಎಲ್ಲರೂ ತುಸು ನಿಧಾನ,
ಇನ್ನೇನು ಮುಗೀತು ಅನ್ನುವ ಹಾಗೆ.
ಪೊಲೀಸರು ಏಳು ಗೋಲು ಹೊಡೆದರು, ಗುಂತಕಲ್ ರೈಲ್ವೆ ಒಂಬತ್ತು.
ಅಪ್ಪ ಅವನ್ನೂ ಕೆಂಪು ಕಾಲಮ್ಮಿಗೇ ಕೂಡಿಸಿದ.
‘ಈ ತಿಂಗಳು ಹದಿನಾರು ಗಡ್ಡೆ ಜಾಸ್ತಿ ಕರಗ್ಯಾವಲ್ಲೋ ಮೋನಪ್ಪ?’
‘ಬಿಸಿಲು, ಶೆಟ್ರೇ.’
ನಮ್ಮೂರಲ್ಲಿ ಯಾರೂ ಎರಡನೇ ಸಲ ಕೇಳದ ಉತ್ತರ ಅದು.

ಎಪ್ಪತ್ತನಾಲ್ಕರ ಅಕ್ಟೋಬರು, ಒಂದೇ ಒಂದು ಶನಿವಾರ.
ಜೈಲು ವಾರ್ಡರುಗಳ ಎದುರು ಪಂದ್ಯ.
ಹತ್ತನೇ ನಿಮಿಷಕ್ಕೆ ಮಳೆ ಹಿಡಿಯಿತು,
ಕೋಟೆಗುಡ್ಡ ಕಾಣದ ಹಾಗೆ.
ಅಂಪೈರು ಕೊಡೆ ಹುಡುಕುವಷ್ಟರಲ್ಲಿ
ಇಡೀ ಮೈದಾನ ಫ್ಯಾಕ್ಟರಿಯ ನೆಲವಾಗಿತ್ತು.
ಬೂಟು ಹಾಕಿದ ವಾರ್ಡರುಗಳು ಒಬ್ಬರ ಮೇಲೊಬ್ಬರು.
ಬರಿಗಾಲ ಮಹಬೂಬ್ ಪೀರಾ ಮೊಣಕಾಲೂರಿ ಜಾರುತ್ತಲೇ ಮೂರು,
ಆರೋಕ್ಯಸಾಮಿ ಒಂದು.
ನಾಲ್ಕು ಸೊನ್ನೆ.
ಶೆಟ್ಟರು ಗುಲಾಬಿ ಶರಬತ್ತು ಕಳಿಸಿದರು, ಐಸು ಹಾಕದೆ,
ಮಳೆಗೆ ನೆಗಡಿಯಾದೀತೆಂದು.
ಆ ದಿನದ ಸಾಲಿನಲ್ಲಿ ಕೆಂಪು ಶಾಯಿಯೇ ಇಲ್ಲ.
ಒಂದೂ ಕರಗಲಿಲ್ಲ, ಹಾಗಂದರೆ ಯಾರು ನಂಬ್ತಾರೆ?

ಆಮೇಲಿನದು ಬೇಗ ಓದಿಸಿಕೊಳ್ಳುತ್ತದೆ.
ಎದುರಿನ ಸೋಡಾ ಅಂಗಡಿಗೆ ಫ್ರಿಜ್ಜು ಬಂತು,
ಕರೆಂಟು ಹೋಗುವುದು ಹೆಚ್ಚಾಯಿತು.
ಎಂಬತ್ಮೂರರಲ್ಲಿ ಪೈಪು ಒಡೆದು
ಆರೋಕ್ಯಸಾಮಿಯ ಎಡಗಣ್ಣು. ಅಪ್ಪ ಅಷ್ಟೇ ಬರೆದಿದ್ದಾನೆ,
‘ಎಡಗಣ್ಣು’, ಮುಂದೆ ಕ್ರಿಯಾಪದವಿಲ್ಲ.
ಆ ವರ್ಷ ಒಂಬತ್ತೇ ಜನ ಆಡಿದರು.
ಮರುವರ್ಷ ಆಡಲಿಲ್ಲ.
ಈಗ ಅಲ್ಲಿ ಜೀನ್ಸ್ ಒಗೆಯುತ್ತಾರೆ.
ಚರಂಡಿಯಲ್ಲಿ ನೀಲಿ ನೀರು ಹಗಲೂ ರಾತ್ರಿ.

ಕೊನೆಯ ಪುಟದಲ್ಲಿ ಒಂದು ಸಾಲು ಮಾತ್ರ ಹೊಡೆದು ಹಾಕಿಲ್ಲ:
ಎಡ ಹಾಫ್ ಯಂಕೋಬಗೆ ಬೂಟಿನ ಬಾಬ್ತು
ಕೊಡತಕ್ಕದ್ದು, ಹನ್ನೊಂದು ರೂಪಾಯಿ.

ಹುಡುಕಿಕೊಂಡು ಹೋದೆ. ರೂಪನಗುಡಿ ರಸ್ತೆ,
ಸೈಕಲ್ ಪಂಕ್ಚರು ಹಾಕುತ್ತಿದ್ದ ಮಗನ ಪಕ್ಕ
ಸ್ಟೂಲಿನ ಮೇಲೆ ಕೂತಿದ್ದ, ಬರಿಗಾಲಲ್ಲಿ.
ಮೋನಪ್ಪನ ಮಗಳು ಅಂದೆ, ಲೆಡ್ಜರು ತೋರಿಸಿದೆ,
ಹನ್ನೊಂದು ರೂಪಾಯಿ ಕೈಗಿಟ್ಟೆ.
ಬೆರಳಿಂದ ಆ ಸಾಲು ಮುಟ್ಟಿ ಮುಟ್ಟಿ ಓದಿದ.
‘ಬೂಟು ತಗೊಳ್ಳೇ ಇಲ್ಲವ್ವಾ, ಕಾಲಿಗೆ ಹಿಡೀತಿದ್ವು.’
ದುಡ್ಡು ಎರಡು ಸಲ ಎಣಿಸಿದ.
ಒಂದು ರೂಪಾಯಿ ವಾಪಸು ಕೊಟ್ಟ.
‘ಹತ್ತೇ ಇತ್ತು. ನಿಮ್ಮಪ್ಪ ಯಾವಾಗ್ಲೂ
ಒಂದು ಜಾಸ್ತಿ ಬರೀತಿದ್ದ.’